ಹಾರ್ಟ್ ಸಿಟಿಗೆ ಮುಂಚೆ ಡೈ ಬೆಚ್ಚಗೆ ಮಾಡೋದನ್ನ ನಾವು ಕಲಿತಿದ್ದು

ನಾನು ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ದಿನಾ ಡೈ ಹಾಕೋದೇ ಕೆಲಸ, ಅಂದ್ರೆ ಸ್ಕ್ಯಾನಲ್ಲಿ ರಕ್ತನಾಳ ಎದ್ದು ಕಾಣ್ಲಿ ಅಂತ ನರಕ್ಕೆ ಕೊಡೋ ಅಯೋಡಿನ್ ಇರೋ ಔಷಧಿ, ಆದ್ರೂ ಆ ಬಾಟ್ಲಿ ತಣ್ಣಗಿದ್ಯಾ ಬೆಚ್ಚಗಿದ್ಯಾ ಅನ್ನೋದು ಮೊದಲ ಎರಡು ವರ್ಷ ನನ್ನ ತಲೆಗೇ ಬಂದಿರ್ಲಿಲ್ಲ. ಬರೋ ಹಾಗೆ ಮಾಡಿದ್ದು ಒಬ್ರು ಅಮ್ಮ.

ಎಪ್ಪತ್ತು ದಾಟಿದ ವಯಸ್ಸು, ಎದೆ ನೋವು ಅಂತ ಕೊರೊನರಿ ಆಂಜಿಯೋ ಸಿಟಿಗೆ, ಅಂದ್ರೆ ಹೃದಯದ ರಕ್ತನಾಳ ನೋಡೋ ಹಾರ್ಟ್ ಸಿಟಿಗೆ, ಬರೆದುಕೊಟ್ಟಿದ್ರು, ಕೈ ಸಣಕಲು, ನರ ಮೇಲಕ್ಕೆ ಚೆನ್ನಾಗಿ ಕಾಣ್ಸೋದು ಆದ್ರೆ ಸೂಜಿ ಮುಟ್ಟಿದ್ ತಕ್ಷಣ ಪಕ್ಕಕ್ಕೆ ಜಾರೋದು. ಸಿಸ್ಟರ್ ಎರಡನೇ ಸಲಕ್ಕೆ ಬಲಗೈ ಮೊಣಕೈ ಮಡಿಚೋ ಜಾಗದಲ್ಲಿ ಪಿಂಕ್ ವೆನ್‌ಫ್ಲಾನ್ ಹಾಕಿದ್ರು, ಅಂದ್ರೆ ನರದೊಳಗೆ ಬಿಡೋ 20 ಗೇಜ್ ಕೊಳವೆ, ಗೇಜ್ ನಂಬರ್ ಜಾಸ್ತಿ ಆದಷ್ಟೂ ಕೊಳವೆ ಸಣ್ಣ. ಸಲೈನ್ ತಳ್ಳಿ ನೋಡಿದ್ವಿ, ಸಲೀಸಾಗಿ ಹೋಯ್ತು, ಊತ ಇಲ್ಲ ನೋವಿಲ್ಲ. ನಾನು ಶೆಲ್ಫಿಂದ 350ರ ಬಾಟ್ಲಿ (ಎಂಎಲ್ಲಿಗೆ 350 ಮಿಲಿಗ್ರಾಂ ಅಯೋಡಿನ್ ಇರೋದು) ತಗೊಂಡು ಡೈ ತಳ್ಳೋ ಮೆಷಿನ್ ಅಂದ್ರೆ ಇಂಜೆಕ್ಟರ್‌ಗೆ ತುಂಬಿಸ್ದೆ, ಸೆಕೆಂಡಿಗೆ 5.5 ಎಂಎಲ್ ಸೆಟ್ ಮಾಡ್ದೆ, ಸ್ಟಾರ್ಟ್ ಒತ್ತಿದೆ. ಪ್ರೆಶರ್ ಗ್ರಾಫ್ ನೆಟ್ಟಗೆ ಮೇಲಕ್ಕೆದ್ದು 300 ಪಿಎಸ್ಐ (ಪ್ರೆಶರ್ ಅಳೆಯೋ ಮಾನ) ಲಿಮಿಟ್‌ಗೆ ತಾಗಿ ಅಲ್ಲೇ ನಿಂತ್ಕೊಂಡ್ತು, ಮೆಷಿನ್ ತಾನೇ ಸ್ಪೀಡ್ ಇಳಿಸ್ತು, ಅಷ್ಟ್ರಲ್ಲಿ ಒಳಗಿಂದ ಅವ್ರು ಉರಿ ಉರಿ ಅಂತ ಕೂಗಿದ್ದು ಮೈಕಲ್ಲಿ ಕೇಳಿಸ್ತು. ನಿಲ್ಸಿ ಓಡ್ದೆ. ಮೊಣಕೈ ಮೇಲೆ ಕೈ ಉಬ್ಬಿ ಚರ್ಮ ಬಿಗಿದುಕೊಂಡಿತ್ತು, ಹತ್ತಿರ ಹತ್ತಿರ 40 ಎಂಎಲ್ ನರದ ಹೊರಗೆ ಹೋಗಿತ್ತು.

ಆಮೇಲಿಂದೆಲ್ಲ ಮಾಮೂಲಿ ಕ್ರಮ, ಕೈ ಎತ್ತಿ ಇಡೋದು, ಐಸ್ ಪ್ಯಾಕ್, ಡಾಕ್ಟರ್ ಬಂದು ಬೆರಳು ಆಡಿಸೋಕೆ ಹೇಳಿ ಜೋಮು ಇದ್ಯಾ, ಗುಳ್ಳೆ ಏಳ್ತಾ ಇದ್ಯಾ, ನೋವು ಜಾಸ್ತಿ ಆಗ್ತಿದ್ಯಾ ಅಂತ ಕೇಳೋದು, ಮಧ್ಯಾಹ್ನ ಪೂರ್ತಿ ಅಲ್ಲೇ ಕೂರಿಸಿ ನೋಡ್ಕೊಂಡ್ವಿ. ಪುಣ್ಯಕ್ಕೆ ಊತ ಇಳೀತಾ ಬಂತು. ಹೋಗೋವಾಗ ಅವ್ರು ನನ್ನ ಕೈ ಹಿಡ್ಕೊಂಡು "ನೀನೇನ್ ಮಾಡ್ತೀಯಮ್ಮ, ನನ್ನ ನರನೇ ಹಾಗೆ" ಅಂದ್ರು. ಅವ್ರು ಹೇಳಿದ್ದು ನನಗೆ ಸಮಾಧಾನ ಆಗ್ಲಿ ಅಂತ, ಆದ್ರೆ ರಾತ್ರಿ ಮನೆಗೆ ಹೋದ್ಮೇಲೂ ಅದೇ ಮಾತು ತಲೇಲಿ ಸುತ್ತೋದು. ಅವ್ರ ನರ ಹೇಗಿತ್ತು ಅಂತ ನಾವು ಎರಡು ಸಲ ನೋಡಿದ್ವಿ. ಡೈ ಹೇಗಿತ್ತು ಅಂತ ಒಂದು ಸಲನೂ ನೋಡಿರ್ಲಿಲ್ಲ. ಆ ಬಾಟ್ಲಿ ಇದ್ದಿದ್ದು ಎಸಿ ಗಾಳಿ ನೇರವಾಗಿ ಬೀಳೋ ಶೆಲ್ಫಲ್ಲಿ, ಮುಟ್ಟಿದ್ರೆ ಕೈಗೆ ತಣ್ಣಗೆ ತಾಗೋದು.

ಮಾರನೇ ದಿನ ಡೈ ಬಾಕ್ಸ್ ಒಳಗೆ ಮಡಿಚಿಟ್ಟಿರೋ ಆ ತೆಳು ಕಾಗದ ಬಿಚ್ಚಿ ಓದಿದೆ. ನಾವು ಯಾರೂ ಓದಲ್ಲ ಅದನ್ನ, ಬಾಕ್ಸ್ ಜೊತೆಗೇ ಡಬ್ಬಕ್ಕೆ ಹೋಗತ್ತೆ. ಅದ್ರಲ್ಲಿ ಒಂದು ಟೇಬಲ್ ಇತ್ತು, 20 ಡಿಗ್ರಿಲಿ ಸ್ನಿಗ್ಧತೆ, ಅಂದ್ರೆ ದ್ರವ ಎಷ್ಟು ಮಂದ ಅನ್ನೋದು, ಇಷ್ಟು ಸೆಂಟಿಪಾಯ್ಸ್, 37 ಡಿಗ್ರಿಲಿ ಇಷ್ಟು ಅಂತ. ನಾವು ಬಳಸೋ ಐಯೋಹೆಕ್ಸಾಲ್ 350 ಅನ್ನೋದು 20 ಡಿಗ್ರಿಲಿ 20 ಸೆಂಟಿಪಾಯ್ಸ್‌ಗಿಂತ ಸ್ವಲ್ಪ ಜಾಸ್ತಿ, 37ರಲ್ಲಿ ಹತ್ತು ಚಿಲ್ಲರೆ. ಅರ್ಧಕ್ಕರ್ಧ! ನೀರು 20 ಡಿಗ್ರಿಲಿ 1 ಸೆಂಟಿಪಾಯ್ಸ್ ಅಂತ ಲೆಕ್ಕ ಇಟ್ಕೊಂಡ್ರೆ ನಾನು ಆ ಅಮ್ಮನ ನರಕ್ಕೆ ತಳ್ಳಿದ್ದು ನೀರಿಗಿಂತ ಇಪ್ಪತ್ತು ಪಟ್ಟು ಮಂದ ಇದ್ದ ದ್ರವನ, ನಾವು ಟೆಸ್ಟ್ ಮಾಡಿದ್ದು ಮಾತ್ರ ನೀರಿನಷ್ಟೇ ತೆಳು ಇರೋ ಸಲೈನಲ್ಲಿ. ಸಲೈನ್ ಸಲೀಸಾಗಿ ಹೋಯ್ತು ಅಂದ್ರೆ ಡೈನೂ ಹಾಗೇ ಹೋಗತ್ತೆ ಅಂತ ನಂಬಿದ್ದು ತಪ್ಪು ಅಂತ ಆಗ ಅರ್ಥ ಆಯ್ತು. ಐಯೋಪಾಮಿಡಾಲ್ 370, ಐಯೋಪ್ರೊಮೈಡ್ 370 ಅನ್ನೋ ಬೇರೆ ಡೈಗಳೂ ಹೀಗೇ, 20ರ ಆಸುಪಾಸಿಂದ ಹತ್ತರ ಹತ್ರಕ್ಕೆ ಇಳಿಯತ್ತೆ, ಐಯೋಡಿಕ್ಸಾನಾಲ್ 320 ಇನ್ನೂ ಮಂದ, ತಣ್ಣಗಿದ್ದಾಗ 26 ದಾಟತ್ತೆ, ಬೆಚ್ಚಗಾದ್ರೆ 12ರ ಒಳಗೆ ಬರತ್ತೆ. ಚಳಿಗೆ ಗಟ್ಟಿಯಾದ ಎಂಜಿನ್ ಆಯಿಲ್ ನೋಡಿದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಹಾಗಂತ ಅವತ್ತಿನದು ತಣ್ಣಗಿದ್ದ ಡೈನಿಂದಲೇ ಆಯ್ತು ಅಂತ ನಾನು ಹೇಳಲ್ಲ, ಹೇಳಕ್ಕೂ ಆಗಲ್ಲ. ವೆನ್‌ಫ್ಲಾನ್ ತುದಿ ನರದ ಗೋಡೆಗೆ ತಾಗಿರ್ಬೋದು, ಕೈ ಮಡಿಚಿರ್ಬೋದು, ಎರಡು ಸಲ ಚುಚ್ಚಿದ ನರ ಬೇರೆ. ಆದ್ರೆ ನಮ್ಮ ಕೈಲಿ ಸರಿ ಮಾಡಕ್ಕೆ ಆಗೋ ಒಂದು ವಿಷಯನ ನಾವು ಮಾಡದೇ ಬಿಟ್ಟಿದ್ವಿ ಅನ್ನೋದು ಮಾತ್ರ ನಿಜ.

ಹೊಟ್ಟೆ ಸಿಟಿಗೂ ಡೈ ಹಾಕ್ತೀವಲ್ಲ, ಅಲ್ಲಿಲ್ಲದ ತೊಂದ್ರೆ ಇಲ್ಯಾಕೆ ಅಂತ ಸುಮಾರು ಜನ ಕೇಳ್ತಾರೆ. ಹೊಟ್ಟೆಗೆ ಸೆಕೆಂಡಿಗೆ 2–3 ಎಂಎಲ್ ಹೋದ್ರೆ ಸಾಕು, ನಿಧಾನ, ಅಷ್ಟಕ್ಕೆ ಡೈ ಮಂದ ಇದ್ರೂ ನಡೆದುಹೋಗತ್ತೆ. ಹಾರ್ಟ್‌ದು ಹಾಗಲ್ಲ. ಹೃದಯದ ರಕ್ತನಾಳ ಶುರುವಲ್ಲೇ 3–4 ಮಿಲಿಮೀಟರ್, ಮುಂದಕ್ಕೆ ಹೋಗ್ತಾ ಇನ್ನೂ ಸಣ್ಣ ಆಗತ್ತೆ, ಅದೂ ಬಡ್ಕೊಳ್ತಾ ಇರತ್ತೆ, ಅದ್ರೊಳಗಿನ ಬ್ಲಾಕ್ ಕಾಣ್ಬೇಕು ಅಂದ್ರೆ ಡೈ ಒಂದೇ ಅಲೆ ಥರ ಗಟ್ಟಿಯಾಗಿ ಬಂದು ಸ್ಕ್ಯಾನ್ ನಡೆಯೋ ಆ ಕೆಲವೇ ಸೆಕೆಂಡಲ್ಲಿ ಅಲ್ಲಿ ಇರ್ಬೇಕು. ಅದಕ್ಕೇ 5–6 ಎಂಎಲ್ ಸ್ಪೀಡು, ಅದಕ್ಕೇ 350, 370ರ ಥರ ಅಯೋಡಿನ್ ಜಾಸ್ತಿ ಇರೋ ಡೈ. 350ರದ್ದು 5.5 ಸ್ಪೀಡಲ್ಲಿ ಹೋದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 1.9 ಗ್ರಾಂ ಅಯೋಡಿನ್ ಒಳಗೆ ಹೋಗತ್ತೆ. ಅಯೋಡಿನ್ ಜಾಸ್ತಿ ಆದಷ್ಟೂ ಡೈ ಮಂದ, ಸ್ಪೀಡ್ ಜಾಸ್ತಿ ಆದಷ್ಟೂ ಪ್ರೆಶರ್ ಜಾಸ್ತಿ, ಎರಡೂ ಒಟ್ಟಿಗೆ ಸೇರೋದು ಈ ಸ್ಕ್ಯಾನಲ್ಲೇ. ಪ್ರೆಶರ್ ಲಿಮಿಟ್ ತಾಗಿ ಮೆಷಿನ್ ತಾನಾಗೇ ಸ್ಪೀಡ್ ಇಳಿಸ್ಬಿಟ್ರೆ ನರ ಉಳೀಬೋದು ಆದ್ರೆ ಅಲೆ ಚಪ್ಪಟೆ ಆಗತ್ತೆ, ನಾಳ ಮಂಕಾಗಿ ಕಾಣತ್ತೆ, ಡಾಕ್ಟರ್ ರಿಪೋರ್ಟಲ್ಲಿ ಸರಿಯಾಗಿ ಹೇಳಕ್ಕಾಗಲ್ಲ ಅಂತ ಬರೀಬೇಕಾಗತ್ತೆ, ಪೇಷಂಟ್ ರೇಡಿಯೇಷನ್ನೂ ತಗೊಂಡು ಡೈನೂ ತಗೊಂಡು ಉತ್ತರ ಇಲ್ಲದೇ ಮನೆಗೆ ಹೋಗ್ಬೇಕು. ನನಗೆ ಇದು ಊತಕ್ಕಿಂತ ದೊಡ್ಡ ನೋವು, ಯಾಕಂದ್ರೆ ಊತ ಕಣ್ಣಿಗೆ ಕಾಣತ್ತೆ, ಇದು ಯಾರಿಗೂ ಕಾಣಲ್ಲ.

ನಮ್ಮ ಸೀನಿಯರ್ ಸರ್ ಹತ್ರ ಹೋಗಿ ಆ ಕಾಗದದ ಟೇಬಲ್ ತೋರಿಸ್ದೆ. ಅವ್ರು ತಮ್ಮ ಕಂಪ್ಯೂಟರಲ್ಲಿದ್ದ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿಯವರ ಕಾಂಟ್ರಾಸ್ಟ್ ಮ್ಯಾನ್ಯುಯಲ್ ತೆಗೆದು ನನ್ನ ಮುಂದೆ ಇಟ್ರು. ಅದ್ರಲ್ಲಿ ನೇರವಾಗೇ ಇದೆ: ಸೆಕೆಂಡಿಗೆ 5 ಎಂಎಲ್ ದಾಟಿದ ಸ್ಪೀಡ್, 370ರ ಥರದ ಮಂದ ಡೈ, ಸಣ್ಣ ಕ್ಯಾಥೆಟರಿಂದ (ತೆಳು ಕೊಳವೆ) ನೇರ ಆರ್ಟರಿಗೆ, ಅಂದ್ರೆ ಹೃದಯದಿಂದ ರಕ್ತ ಒಯ್ಯೋ ನಾಳಕ್ಕೆ, ಹಾಕೋದು, ಟೈಮಿಂಗ್ ತಪ್ಪಬಾರದ ಆರ್ಟರಿ ಸ್ಟಡಿಗಳು, ಇಂಥ ಕಡೆ ಡೈನ ಮೈ ಬಿಸಿಗೆ ತರೋದು ಸಹಾಯ ಆಗ್ಬೋದು ಅಂತ. ಅದ್ರ ಜೊತೆಗೇ 300ರ ತೆಳು ಡೈನ 5ರ ಒಳಗಿನ ಸ್ಪೀಡಲ್ಲಿ ಹಾಕೋವಾಗ ಬಿಸಿ ಮಾಡಿ ಅಂಥ ಲಾಭ ಇಲ್ಲ ಅಂತಾನೂ ಇದೆ. ಈ ಎರಡನೇ ಮಾತು ನನಗೆ ಹಿಡಿಸ್ತು. ಎಲ್ಲಾದಕ್ಕೂ ಬಿಸಿ ಮಾಡಿ ಅಂದಿದ್ರೆ ನಾಲ್ಕು ದಿನ ಮಾಡಿ ಬಿಡ್ತಿದ್ವೇನೋ, ಹಾರ್ಟ್‌ಗೆ ಮಾಡಿ ಅಂದ್ರೆ ನೆನಪಲ್ಲಿ ನಿಲ್ಲತ್ತೆ.

ಅದಕ್ಕೂ ಮುಂಚೆ ನಮ್ಮಲ್ಲಿ ಒಬ್ಬ ಹುಡುಗ ಬಿಸಿ ನೀರಿನ ಜಗ್ಗಲ್ಲಿ ಬಾಟ್ಲಿ ಅದ್ದಿ ಇಡೋದನ್ನ ನೋಡಿದ್ದೆ, ಅವನ ಕಾಳಜಿ ಸರಿಯೇ, ದಾರಿ ಸರಿ ಇರ್ಲಿಲ್ಲ. ನೀರು ಎಷ್ಟು ಬಿಸಿ ಅಂತ ಗೊತ್ತಾಗಲ್ಲ, ಹೊರಗೆ ಬಿಸಿ ಒಳಗೆ ತಣ್ಣಗೆ ಇರತ್ತೆ, ಲೇಬಲ್ ಒದ್ದೆಯಾಗಿ ಕಿತ್ಕೊಳತ್ತೆ, ಬ್ಯಾಚ್ ನಂಬರ್ ಓದಕ್ಕಾಗಲ್ಲ, ರಬ್ಬರ್ ಮುಚ್ಚಳದ ಹತ್ರ ನೀರು ನಿಲ್ಲತ್ತೆ ಅದು ಎಂಥ ನೀರೋ. ಮೈಕ್ರೋವೇವ್ ಮಾತಂತೂ ಎತ್ತಲೇಬಾರದು. ಡೈ ಅನ್ನೋದು ಔಷಧಿ, ಔಷಧಿನ ಹೇಗೆ ಬಿಸಿ ಮಾಡ್ಬೇಕು, ಎಷ್ಟು ದಿನ ಇಡ್ಬೇಕು ಅಂತ ಕಂಪನಿ ಬರೆದಿರತ್ತೆ, ಅಷ್ಟೇ ಮಾಡ್ಬೇಕು.

ಸರ್ ಬರೆದುಕೊಟ್ಟ ಮೇಲೆ ಡೈ ಬೆಚ್ಚಗೆ ಇಡೋ ವಾರ್ಮರ್ ಬರೋಕೆ ಸುಮಾರು ತಿಂಗಳು ಹಿಡೀತು. ಚಿಕ್ಕ ಅಲ್ಮೇರಾ ಥರ, ಮುಂದೆ ಬಾಗಿಲು, ಮೇಲೆ ಟೆಂಪರೇಚರ್ ತೋರಿಸೋ ಡಿಸ್ಪ್ಲೇ. 37ಕ್ಕೆ ಸೆಟ್ ಮಾಡಿ ಬಾಟ್ಲಿ ಜೋಡಿಸಿದ್ವಿ. ತಣ್ಣಗಿರೋ ಬಾಟ್ಲಿ ಒಳಗಿಟ್ಟ ಕೂಡ್ಲೇ ಬೆಚ್ಚಗಾಗಲ್ಲ, ಅದಕ್ಕೆ ಗಂಟೆಗಟ್ಟಲೆ ಬೇಕು, ಹಾಗಾಗಿ ಹಿಂದಿನ ದಿನ ಸಾಯಂಕಾಲನೇ ಮಾರನೇ ದಿನದ ಲಿಸ್ಟ್ ನೋಡಿ ಇಡೋದು ರೂಢಿ ಮಾಡ್ಕೊಂಡ್ವಿ. ನಾವು ಬಳಸೋ ಐಯೋಹೆಕ್ಸಾಲ್‌ಗೆ ವಾರ್ಮರ್ ಒಳಗೆ 37 ಡಿಗ್ರಿಲಿ ಒಂದು ತಿಂಗಳವರೆಗೂ ಇಡ್ಬೋದು ಅಂತ ಕಾಗದದಲ್ಲಿದೆ, ಬೇರೆ ಡೈಗೆ ಬೇರೆ ಲೆಕ್ಕ ಇರ್ಬೋದು, ಅದನ್ನ ಅವರವರ ಕಾಗದದಲ್ಲೇ ನೋಡ್ಬೇಕು. ಪ್ರತಿ ಬಾಟ್ಲಿ ಮೇಲೆ ಒಳಗಿಟ್ಟ ತಾರೀಖು ಬರೆದು ಚೀಟಿ ಅಂಟಿಸ್ತೀವಿ, ಹಳೇದು ಮುಂದೆ, ಹೊಸದು ಹಿಂದೆ. ಬೆಳಗ್ಗೆ ಬಂದೋರು ಮೊದಲು ಟೆಂಪರೇಚರ್ ನೋಡಿ ಲಾಗ್‌ಬುಕ್ಕಲ್ಲಿ ಬರೆದು ಸೈನ್ ಹಾಕ್ಬೇಕು. ಬಾಟ್ಲಿ ಆಚೆ ತೆಗೆದಾಗ ಬೆಳಕಿಗೆ ಹಿಡಿದು ನೋಡ್ಬೇಕು, ತಿಳಿಯಾಗಿರ್ಬೇಕು, ಬಣ್ಣ ತಿರುಗಿದ್ರೆ ಅಥವಾ ಒಳಗೆ ಕಣ ಏನಾದ್ರೂ ಕಂಡ್ರೆ ಬಳಸೋ ಹಾಗಿಲ್ಲ.

ಇಷ್ಟೆಲ್ಲ ಮಾಡಿದ್ರೂ ಮೊದಲ ವಾರ ಗ್ರಾಫಲ್ಲಿ ಅಂಥ ವ್ಯತ್ಯಾಸ ಕಾಣ್ಲಿಲ್ಲ, ಕೆಲವು ಪೇಷಂಟ್‌ಗೆ ಇಳಿದಿರೋದು, ಕೆಲವ್ರಿಗೆ ಹಳೇ ಥರಾನೇ 280, 290 ಅಂತ ಹೋಗೋದು. ವಾರ್ಮರೇ ಸರಿ ಇಲ್ಲ ಅಂದ್ರು ಕೆಲವ್ರು. ನನಗೆ ಸಮಾಧಾನ ಇಲ್ಲ, ಪ್ರತಿ ಕೇಸಲ್ಲೂ ಬಾಟ್ಲಿ ಆಚೆ ತೆಗೆದ ಹೊತ್ತು, ಇಂಜೆಕ್ಷನ್ ಕೊಟ್ಟ ಹೊತ್ತು ಎರಡನ್ನೂ ಬರೀತಾ ಹೋದೆ. ನಾಲ್ಕೈದು ದಿನಕ್ಕೆ ಗೊತ್ತಾಯ್ತು. ತೊಂದ್ರೆ ಇದ್ದಿದ್ದು ವಾರ್ಮರಲ್ಲಲ್ಲ, ನಮ್ಮ ಕೆಲಸದ ಹಿಂದುಮುಂದಲ್ಲಿ.

ಹಾರ್ಟ್ ಸಿಟಿಲಿ ಕಾಯೋದು ಜಾಸ್ತಿ. ನಾಡಿ 60–65ರ ಒಳಗೆ ಬರ್ಬೇಕು, ಇಲ್ಲಾಂದ್ರೆ ಚಿತ್ರ ಅಲುಗಾಡಿ ನಾಳ ಎರಡೆರಡಾಗಿ ಕಾಣತ್ತೆ, ಅದಕ್ಕೆ ಒಂದು ಗಂಟೆ ಮುಂಚೆ ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್ ಮಾತ್ರೆ ಕೊಟ್ಟಿರ್ತಾರೆ. ಎಷ್ಟೋ ಜನ ಟೇಬಲ್ ಮೇಲೆ ಮಲಗಿದ್ ತಕ್ಷಣ ಗಾಬರಿಗೆ 62 ಇದ್ದಿದ್ದು 75 ಆಗತ್ತೆ, ಆಗ ಮತ್ತೆ ಕಾಯ್ಬೇಕು, ಡಾಕ್ಟರ್ ಬಂದು ನರಕ್ಕೆ ಇಂಜೆಕ್ಷನ್ ಕೊಡ್ಬೇಕು, ಉಸಿರು ಹಿಡಿಯೋದನ್ನ ಮತ್ತೆ ಹೇಳಿಕೊಡ್ಬೇಕು. ನಾವೇನ್ ಮಾಡ್ತಿದ್ವಿ ಅಂದ್ರೆ, ಪೇಷಂಟ್ ರೂಮಿಗೆ ಬರೋಕೂ ಮುಂಚೆನೇ ಸಿರಿಂಜ್ ತುಂಬಿಸಿ ಟ್ಯೂಬ್‌ನಲ್ಲೂ ಡೈ ಹರಿಸಿ ರೆಡಿ ಇಡ್ತಿದ್ವಿ, ಯಾಕಂದ್ರೆ ಬೇರೆ ಎಲ್ಲಾ ಸಿಟಿಗೂ ಹಾಗೇ ಮಾಡಿ ಕೈಗೆ ಅಭ್ಯಾಸ. ಆ ಕಡೆ ನಾಡಿ ಇಳಿಯೋಕೆ ಕಾಯ್ತಾ ಇದ್ವಿ, ಈ ಕಡೆ ಎಸಿ ಗಾಳಿಗೆ ಡೈ ಆರ್ತಾ ಇತ್ತು. ಅರ್ಧ ಗಂಟೆ ಕಾದ ಕೇಸಲ್ಲಿ ಸಿರಿಂಜ್ ಮುಟ್ಟಿದ್ರೆ ಬೆಚ್ಚಗಿತ್ತು ಅನ್ನೋ ಗುರುತೇ ಇರ್ತಿರ್ಲಿಲ್ಲ. ಯಾರಿಗೆ ಗಾಬರಿ ಜಾಸ್ತಿಯೋ, ಯಾರಿಗೆ ನಾಡಿ ಇಳಿಯಲ್ವೋ ಅವ್ರಿಗೇ ತಣ್ಣಗಿನ ಡೈ ಹೋಗ್ತಾ ಇತ್ತು. ಇದನ್ನ ಕಂಡ್ಕೊಂಡ ದಿನ ನನಗೆ ನಿಜವಾಗ್ಲೂ ಬೇಜಾರಾಯ್ತು.

ಆಮೇಲೆ ಕ್ರಮನೇ ತಿರುಗಿಸಿದ್ವಿ. ಪೇಷಂಟ್ ಮಲಗ್ಬೇಕು, ಇಸಿಜಿ ಲೀಡ್ ಅಂಟಿಸ್ಬೇಕು, ವೆನ್‌ಫ್ಲಾನ್ ಸಲೈನಲ್ಲಿ ಟೆಸ್ಟ್ ಆಗ್ಬೇಕು, ಉಸಿರಿನ ಪ್ರಾಕ್ಟೀಸ್ ಮುಗೀಬೇಕು, ನಾಡಿ ಸರಿ ಇದೆ ಅಂತ ಡಾಕ್ಟರ್ ತಲೆ ಆಡಿಸ್ಬೇಕು, ಅಲ್ಲಿವರೆಗೂ ಬಾಟ್ಲಿ ವಾರ್ಮರ್ ಒಳಗೇ. ನಾಲಿಗೆ ಕೆಳಗೆ ನೈಟ್ರೋಗ್ಲಿಸರಿನ್ ಕೊಟ್ಟಾಗ, ಅದು ನಾಳಗಳನ್ನ ಅಗಲ ಮಾಡಕ್ಕೆ ಕೊಡೋದು, ಅದು ಕೆಲಸ ಮಾಡಕ್ಕೆ ಕೆಲವು ನಿಮಿಷ ಬೇಕಲ್ಲ, ಆ ಹೊತ್ತಲ್ಲೇ ಬಾಟ್ಲಿ ತೆಗೆದು ತುಂಬಿಸೋದು. ಸಿರಿಂಜ್ ಮೇಲೆ ಹಾಕೋ ಹೀಟರ್ ಕವಚ ನಮ್ಮ ಇಂಜೆಕ್ಟರಲ್ಲಿ ಮೊದಲಿಂದಲೂ ಇತ್ತು, ಯಾರೋ ಕಳಚಿ ಡ್ರಾಯರಲ್ಲಿ ಇಟ್ಟಿದ್ರು, ಅದನ್ನ ಹುಡುಕಿ ತಂದು ಹಾಕಿದ್ವಿ. ಅದು ತಣ್ಣಗಿರೋದನ್ನ ಬಿಸಿ ಮಾಡಲ್ಲ, ಬೆಚ್ಚಗಿರೋದು ಬೇಗ ಆರದ ಹಾಗೆ ಕಾಯತ್ತೆ ಅಷ್ಟೇ. ಟ್ಯೂಬಲ್ಲಿ ಇರೋ ಸ್ವಲ್ಪ ಡೈ ಹೇಗೂ ಆರತ್ತೆ, ಅದಕ್ಕೇನೂ ಮಾಡಕ್ಕಾಗಲ್ಲ. ಇನ್ನೊಂದು ಲಾಭ ನಾನು ಅಂದ್ಕೊಂಡೇ ಇರ್ಲಿಲ್ಲ, ಬೆಚ್ಚಗಿನ ಡೈ ಸಿರಿಂಜ್‌ಗೆ ಎಳೆಯೋವಾಗ ಸಲೀಸಾಗಿ ಬರತ್ತೆ, ಗುಳ್ಳೆ ಕಮ್ಮಿ, ತಣ್ಣಗಿದ್ದಾಗ ಅಂಟಂಟಾಗಿ ಬಂದು ಸಣ್ಣ ಗಾಳಿಗುಳ್ಳೆ ಗೋಡೆಗೆ ಕಚ್ಕೊಂಡು ತಟ್ಟಿ ತಟ್ಟಿ ತೆಗೀಬೇಕಾಗಿತ್ತು.

ಕ್ರಮ ಬದಲಾದ್ಮೇಲೆ ಗ್ರಾಫ್ ಮಾತಾಡ್ತು. ಅದೇ ಪಿಂಕ್ ವೆನ್‌ಫ್ಲಾನ್, ಅದೇ 5.5 ಸ್ಪೀಡು, ಮುಂಚೆ ಲಿಮಿಟ್ ಹತ್ರ ಒದ್ದಾಡ್ತಿದ್ದಿದ್ದು ಈಗ ಬಹಳ ಜನಕ್ಕೆ 200ರ ಆಸುಪಾಸಲ್ಲಿ ಮೇಲಕ್ಕೆ ಹೋಗಿ ಸಮ ಆಗಿ ನಿಲ್ಲತ್ತೆ. ಇದು ನಮ್ಮ ರೂಮಿನ ನಮ್ಮ ಟ್ಯೂಬಿನ ಲೆಕ್ಕ, ಎಲ್ಲಾ ಕಡೆ ಇಷ್ಟೇ ಅಂತ ಅಲ್ಲ.

ಬೆಚ್ಚಗೆ ಮಾಡಿದ್ರೆ ಎಲ್ಲಾ ಮುಗೀತು ಅಂತ ಮಾತ್ರ ಯಾರೂ ತಿಳ್ಕೋಬೇಡಿ. ನೀಲಿ ವೆನ್‌ಫ್ಲಾನ್, ಅಂದ್ರೆ 22 ಗೇಜ್, ಅಂಗೈ ಹಿಂದೆ ಹಾಕಿ ಡೈ ಬೆಚ್ಚಗಿದೆ ಅಂತ 5.5ರಲ್ಲಿ ತಳ್ಳಿದ್ರೆ ಆಗೋದು ಆಗೇ ಆಗತ್ತೆ. ಕೊಳವೆ ಒಳಗಿನ ಅಗಲ ಸ್ವಲ್ಪ ಕಮ್ಮಿ ಆದ್ರೂ ತಳ್ಳಕ್ಕೆ ಬೇಕಾದ ಪ್ರೆಶರ್ ಎಷ್ಟೋ ಪಟ್ಟು ಏರತ್ತೆ, ತ್ರಿಜ್ಯದ ನಾಲ್ಕನೇ ಘಾತ ಅಂತ ಪಾಯ್ಸೆಯ್ ನಿಯಮದಲ್ಲಿ ಕಾಲೇಜಲ್ಲಿ ಓದಿದ್ದು ಇದೇ. ಅದಕ್ಕೇ ಹಸಿರು, 18 ಗೇಜ್ ಸಿಕ್ಕಿದ್ರೆ ಅದೇ ಒಳ್ಳೇದು, ಪಿಂಕ್ ಆದ್ರೂ ಮೊಣಕೈ ಹತ್ರದ ದಪ್ಪ ನರಕ್ಕೆ. ಸೂಜಿ ಜಾಗ ಮೊದಲು, ಬಿಸಿ ಆಮೇಲೆ. ಅಲರ್ಜಿ ವಿಷಯಕ್ಕೂ ಬಿಸಿನ ನಂಬ್ಕೊಂಡು ಕೂರೋ ಹಾಗಿಲ್ಲ. ಮುಂಚೆ ಡೈ ಹಾಕಿದಾಗ ತುರಿಕೆ, ಉಬ್ಬಸ ಆಗಿತ್ತಾ ಅಂತ ಕೇಳೋದು, ಕಿಡ್ನಿ ರಿಪೋರ್ಟ್ ನೋಡೋದು, ಎಮರ್ಜೆನ್ಸಿ ಟ್ರೇ ಪಕ್ಕದಲ್ಲಿ ಇಡೋದು, ಇದ್ರಲ್ಲಿ ಒಂದನ್ನೂ ಬಿಡೋ ಹಾಗಿಲ್ಲ.

ಪೇಷಂಟ್‌ಗಳಿಗೆ ಒಂದು ಗೊಂದಲ ಯಾವಾಗ್ಲೂ ಇರತ್ತೆ, ಅದನ್ನ ಇಲ್ಲಿ ಬಿಡಿಸಿ ಹೇಳ್ಬೇಕು. ಡೈ ಹೋದಾಗ ಗಂಟಲಿಂದ ಕಿಬ್ಬೊಟ್ಟೆವರೆಗೂ ಬಿಸಿ ಹರಿದ ಹಾಗೆ ಆಗತ್ತೆ, ಕೆಲವ್ರಿಗೆ ಮೂತ್ರನೇ ಹೋಗ್ಬಿಡ್ತೇನೋ ಅನ್ಸತ್ತೆ. ನೀವು ಡೈನ ಬಿಸಿ ಮಾಡಿದ್ದಕ್ಕೇ ಹೀಗಾಯ್ತು ಅಂತ ಒಬ್ರು ನನ್ನ ಮೇಲೆ ರೇಗಿದ್ರು. ಹಾಗಲ್ಲ. ಡೈ 37 ಡಿಗ್ರಿಲಿ ಇದ್ರೆ ರಕ್ತದಷ್ಟೇ ಬೆಚ್ಚಗೆ, ರಕ್ತಕ್ಕಿಂತ ಬಿಸಿ ಅಲ್ಲ. ಆ ಬಿಸಿ ಅನಿಸೋದು ಡೈ ಒಳಗೆ ಹೋದಾಗ ರಕ್ತನಾಳಗಳು ಹಿಗ್ಗೋದ್ರಿಂದ, ತಣ್ಣಗಿನ ಡೈ ಹಾಕಿದ್ರೂ ಅದು ಆಗೇ ಆಗತ್ತೆ, ಅರ್ಧ ಒಂದು ನಿಮಿಷದಲ್ಲಿ ಹೋಗತ್ತೆ. ಇದನ್ನ ಮುಂಚೆನೇ ಹೇಳಿದ್ರೆ ಜನ ಹೆದರಲ್ಲ, ಹೆದರದಿದ್ರೆ ನಾಡಿ ಏರಲ್ಲ. ಆದ್ರೆ ಕೈ ಹತ್ರ, ಸೂಜಿ ಇರೋ ಜಾಗದಲ್ಲೇ ಉರಿ, ಬಿಗಿತ ಅನಿಸಿದ್ರೆ ಸುಮ್ನೆ ತಡ್ಕೋಬೇಡಿ, ತಕ್ಷಣ ಕೂಗಿ. ಮೈಯೆಲ್ಲ ಬೆಚ್ಚಗಾಗೋದು ಬೇರೆ, ಕೈ ಒಂದೇ ಉರಿಯೋದು ಬೇರೆ. ನಾನು ಈಗ ಪ್ರತಿಯೊಬ್ರಿಗೂ ಇದೇ ಮಾತಲ್ಲಿ ಹೇಳ್ತೀನಿ.

ಹೋದ ತಿಂಗಳು ಒಬ್ರು ಬಂದಿದ್ರು, ಆ ಅಮ್ಮನಷ್ಟೇ ವಯಸ್ಸು, ಅಂಥದೇ ಸಣಕಲು ಕೈ, ಜೊತೆಗೆ ಮಗಳು. ವೆನ್‌ಫ್ಲಾನ್ ಒಂದೇ ಸಲಕ್ಕೆ ಸಿಕ್ತು, ಪಿಂಕು. ನಾಡಿ 71. ಕಾದ್ವಿ. ಮಗಳು ಆಚೆಯಿಂದ ಎರಡು ಸಲ ಬಂದು "ಮೇಡಂ ಯಾಕೆ ಇಷ್ಟು ಹೊತ್ತು" ಅಂತ ಕೇಳಿದ್ರು, ಎದೆ ಬಡಿತ ನಿಧಾನ ಆಗ್ಲಿ ಅಂತ ಹೇಳ್ದೆ. 66. ಕಾದ್ವಿ. ನಲವತ್ತು ನಿಮಿಷ ಆಯ್ತು, ಸಿರಿಂಜ್ ಇನ್ನೂ ಖಾಲಿ, ಹೊಸದಾಗಿ ಸೇರಿದ ಹುಡುಗಿ ಎರಡು ಸಲ "ತುಂಬಿಸ್ಲಾ ಅಕ್ಕ" ಅಂತ ಕೇಳಿದ್ಲು, ಬೇಡ ಅಂದೆ. 61ಕ್ಕೆ ಬಂದು ನಿಂತ್ತು, ಡಾಕ್ಟರ್ ನಾಲಿಗೆ ಕೆಳಗೆ ನೈಟ್ರೋಗ್ಲಿಸರಿನ್ ಸ್ಪ್ರೇ ಕೊಟ್ರು, ಆಗ ಅವಳಿಗೆ ಕಣ್ಸನ್ನೆ ಮಾಡ್ದೆ, ಬಾಗಿಲು ತೆಗೆದು ಬಾಟ್ಲಿ ತಂದ್ಲು, ಬೆಳಕಿಗೆ ಹಿಡಿದು ನೋಡಿದ್ಲು, ತುಂಬಿಸಿದ್ಲು, ಗಾಳಿ ತೆಗೆದ್ಲು. ಸಿರಿಂಜ್ ಮೇಲೆ ಕೈ ಇಟ್ಟು ನೋಡ್ದೆ, ಮೈ ಮುಟ್ಟಿದ ಹಾಗೇ ಇತ್ತು.

ಮೊದಲ ಕೆಲವು ಸೆಕೆಂಡ್ ನಾನು ಒಳಗೇ ನಿಂತು ಅವ್ರ ಮೊಣಕೈ ಮೇಲೆ ಬೆರಳಿಟ್ಕೊಂಡಿದ್ದೆ, ಡೈ ಸರಿಯಾಗಿ ಹೋಗ್ತಿದೆ ಅಂತ ಗೊತ್ತಾದ್ಮೇಲೆ ಆಚೆ ಓಡಿಬಂದೆ. ಗ್ರಾಫ್ 190ರ ಹತ್ರ ಸಮ ಆಗಿ ನಿಂತಿತ್ತು. ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಅಯೋರ್ಟಾದಲ್ಲಿ ಡೈ ಏರಿತು, ಉಸಿರು ಹಿಡೀರಿ ಅಂತ ಮೆಷಿನ್ ಹೇಳ್ತು, ಸ್ಕ್ಯಾನ್ ಆಯ್ತು. ಸ್ಕ್ರೀನಲ್ಲಿ ಎಡಗಡೆ ನಾಳ ತುದಿವರೆಗೂ ಬೆಳ್ಳಗೆ ಎದ್ದು ಕಾಣ್ತಿತ್ತು, ಮಧ್ಯದಲ್ಲಿ ಒಂದು ಕಡೆ ಕಿರಿದಾಗಿದ್ದೂ ಕಾಣ್ತು, ಡಾಕ್ಟರ್ ಅದನ್ನೇ ದೊಡ್ಡದು ಮಾಡಿ ನೋಡ್ತಾ ಕೂತ್ರು. ನಾನು ಒಳಗೆ ಹೋಗಿ ವೆನ್‌ಫ್ಲಾನ್ ತೆಗೆದು ಹತ್ತಿ ಒತ್ತಿ ಹಿಡ್ಕೊಂಡೆ. "ಅಷ್ಟೇನಾ, ಆಯ್ತಾ?" ಅಂದ್ರು ಅವ್ರು. ಅಷ್ಟೇ ಅಮ್ಮ, ಕೈ ಮಡಿಚ್ಬೇಡಿ ಅಂದೆ. ಹುಡುಗಿ ಅಷ್ಟ್ರಲ್ಲಿ ಖಾಲಿಯಾದ ಜಾಗಕ್ಕೆ ಇನ್ನೊಂದು ಬಾಟ್ಲಿ ಇಟ್ಟು, ಚೀಟಿ ಮೇಲೆ ತಾರೀಖು ಬರೀತಾ ಇದ್ಲು.